ಮೆಟ್ಟಿಲವರೆಗೆ ಹೊತ್ತು ತಂದವರು

ಈ ಸಾಲಿನ ಬೋಧನಾಭ್ಯಾಸದ ಎರಡನೆಯ ವಾರ ನ್ಯಾಮತಿ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಕನ್ನಡ ಪಾಠ ವೀಕ್ಷಿಸಲು ಹೋಗಿದ್ದೆ. ನಮ್ಮ ಪ್ರಶಿಕ್ಷಣಾರ್ಥಿ ವಚನಗಳ ಘಟಕಕ್ಕೆ ಪೂರಕವಾಗಿ ಬಸವಣ್ಣನವರ ಒಂದು ಹೆಸರಾಂತ ವಚನವನ್ನು ಆಯ್ದುಕೊಂಡಿದ್ದರು. ಮನಸ್ಸು ಅಡ್ಡದಾರಿ ಹಿಡಿಯದಿರಲೆಂದು ಭಕ್ತನು ತನ್ನ ಕಾಲು, ಕಣ್ಣು, ಕಿವಿಗಳ ಶಕ್ತಿಯನ್ನೇ ಕಳೆದುಬಿಡು ಎಂದು ದೇವರನ್ನು ಬೇಡುವ ವಚನ ಅದು. ಪಾಠಯೋಜನೆ ಚೆನ್ನಾಗಿತ್ತು. ಪೀಠಿಕೆಯ ಪ್ರಶ್ನೆಗಳು ಸರಿಯಾಗಿದ್ದವು. ವಾಚನ ಸ್ಪಷ್ಟವಾಗಿತ್ತು. ಆಮೇಲೆ ಅವರು ಕಪ್ಪುಹಲಗೆಯ ಮೇಲೆ ‘ಹೆಳವ’ ಎಂದು ಬರೆದು, ‘ಈ ಪದದ ಅರ್ಥ ಯಾರು ಹೇಳ್ತೀರಿ?’ ಎಂದು ಕೇಳಿದರು.

ಯಾರೂ ಬಾಯಿ ಬಿಡಲಿಲ್ಲ. ಆದರೆ ಏಳೆಂಟು ತಲೆಗಳು ಒಟ್ಟಿಗೆ ಮೂರನೆಯ ಬೆಂಚಿನ ಕಡೆ ತಿರುಗಿದವು. ಅಲ್ಲಿ ಎಡಗಾಲು ಸೊರಗಿದ ಒಬ್ಬ ಹುಡುಗ ಕುಳಿತಿದ್ದ. ಅವನು ಪುಸ್ತಕ ನೋಡುತ್ತಲೇ ಇದ್ದ. ಪ್ರಶಿಕ್ಷಣಾರ್ಥಿಯೂ ಗಮನಿಸಿದರು, ಗಾಬರಿಯಾಗಿ ಅರ್ಥವನ್ನು ತಾವೇ ಬರೆದು ಮುಂದೆ ಹೋದರು. ನನ್ನ ವೀಕ್ಷಣಾ ಪತ್ರಿಕೆಯಲ್ಲಿ ನಾನು ಆ ಹೊತ್ತಿಗೆ ಬರೆದ ಸಾಲು ಇದು: ‘ಕಠಿಣ ಪದಗಳ ಅರ್ಥ ವಿವರಣೆ ಸಮರ್ಪಕ.’

ಇದನ್ನು ಬರೆದವನು ಎರಡನೆಯ ವಯಸ್ಸಿನಲ್ಲಿ ಪೋಲಿಯೊ ಬಂದು, ನಾಲ್ಕು ದಶಕಗಳಿಂದ ಕ್ಯಾಲಿಪರ್ ಕಟ್ಟಿಕೊಂಡು ನಡೆಯುತ್ತಿರುವವನು. ಅಷ್ಟು ಹತ್ತಿರದ ನೋವೂ ನನ್ನ ಪೆನ್ನಿಗೆ ಕಾಣಲಿಲ್ಲ. ಪತ್ರಿಕೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ ಎಂಬುದು ನೆಪ ಮಾತ್ರ.

ಪಾಠದ ನಂತರದ ಚರ್ಚೆಯಲ್ಲಿ ಅವರು ಕೇಳಿದರು, ‘ಸರ್, ಆ ವಚನ ಬಿಟ್ಟುಬಿಡಬೇಕಿತ್ತಾ?’ ನಾನು ಅಂದು ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಈ ಲೇಖನ ಅವರಿಗೆ ಕೊಡಬೇಕಾಗಿದ್ದ ಉತ್ತರ. ಚಿಕ್ಕದಾಗಿ ಹೇಳುವುದಾದರೆ: ಬಿಡಬಾರದು. ಆದರೆ ನಾವು ಕಲಿಸುವ ರೀತಿ ಬದಲಾಗಬೇಕು. ನಮ್ಮ ತರಬೇತಿಯಲ್ಲಿ ಅಂಗವೈಕಲ್ಯವನ್ನು ಸಮನ್ವಯ ಶಿಕ್ಷಣದ ಪತ್ರಿಕೆಗೆ, ಜಾತಿಯನ್ನು ಸಮಾಜಶಾಸ್ತ್ರದ ಘಟಕಕ್ಕೆ, ನಂಬಿಕೆಯನ್ನು ಮೌಲ್ಯ ಶಿಕ್ಷಣಕ್ಕೆ ಹಂಚಿಬಿಟ್ಟಿದ್ದೇವೆ. ತರಗತಿಯಲ್ಲಿ ಈ ಮೂರೂ ಒಂದೇ ಬೆಂಚಿನ ಮೇಲೆ ಕುಳಿತಿರುತ್ತವೆ. ಇದು ನನಗೆ ಅರ್ಥವಾದದ್ದು ಬಹಳ ತಡವಾಗಿ.

ನನ್ನ ಊರು ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿ. ಮನೆಗೂ ಶಾಲೆಗೂ ನಡುವೆ ಭದ್ರಾ ನಾಲೆ. ನಮ್ಮದು ಲಿಂಗಾಯತ ಮನೆತನ. ಅಡಿಕೆ ತೋಟ, ಗದ್ದೆ, ಆಳುಕಾಳು ಇದ್ದ ಮನೆ. ಕ್ಯಾಲಿಪರ್ ಸಿಗುವವರೆಗೆ, ಅಂದರೆ ನಾಲ್ಕನೆಯ ತರಗತಿ ಮುಗಿಯುವವರೆಗೆ, ನನ್ನನ್ನು ದಿನವೂ ಹೆಗಲ ಮೇಲೆ ಕೂರಿಸಿಕೊಂಡು ನಾಲೆ ದಾಟಿಸಿ ಶಾಲೆಗೆ ಬಿಡುತ್ತಿದ್ದವರು ನಮ್ಮ ಮನೆಯಲ್ಲಿ ಜೀತದಂತೆ ದುಡಿಯುತ್ತಿದ್ದ ಮಾದಿಗ ಸಮುದಾಯದ ಒಬ್ಬರು. ಅವರಿಗೆ ಆಗ ನಲವತ್ತು ವರ್ಷ ಇದ್ದಿರಬೇಕು, ನನಗೆ ಏಳು. ಅವರು ನನ್ನನ್ನು ‘ಸಣ್ಣ ಗೌಡ್ರೇ’ ಎನ್ನುತ್ತಿದ್ದರು. ನಾನು ಅವರನ್ನು ಹೆಸರು ಹಿಡಿದು, ಏಕವಚನದಲ್ಲಿ ಕರೆಯುತ್ತಿದ್ದೆ. ಈಗ ಬಹುವಚನದಲ್ಲಿ ಬರೆಯುತ್ತಿದ್ದೇನೆ. ಅವರು ತೀರಿಕೊಂಡ ಮೇಲೆ.

ನನ್ನ ಕಾಲು ನೆಟ್ಟಗಾಗಲೆಂದು ಅವ್ವ ಊರಿನ ವೀರಭದ್ರನಿಗೆ ಹನ್ನೊಂದು ಸೋಮವಾರದ ಹರಕೆ ಹೊತ್ತಿದ್ದಳು. ಗುಡಿಯವರೆಗೂ ಅವರೇ ಹೊತ್ತು ತರುತ್ತಿದ್ದರು. ಮೊದಲನೆಯ ಮೆಟ್ಟಿಲ ಮೇಲೆ ನನ್ನನ್ನು ಇಳಿಸುತ್ತಿದ್ದರು. ಅಲ್ಲಿಂದ ಕೈಯೂರಿ, ತೆವಳಿ, ನಾನೇ ಒಳಗೆ ಹೋಗುತ್ತಿದ್ದೆ.

‘ನಾನು ತೆವಳಿಕೊಂಡು ಗುಡಿ ಹತ್ತಿದವನು’ ಎಂಬ ಮಾತನ್ನು ಎಷ್ಟೋ ತರಬೇತಿ ಶಿಬಿರಗಳಲ್ಲಿ ಹೇಳಿದ್ದೇನೆ. ಛಲದ ಕತೆಯಾಗಿ ಹೇಳಿದ್ದೇನೆ, ಚಪ್ಪಾಳೆಯೂ ಬಿದ್ದಿದೆ. ಆದರೆ ಯಾಕೆ ತೆವಳಬೇಕಾಯಿತು ಎಂದು ನಾನೂ ಕೇಳಿಕೊಳ್ಳಲಿಲ್ಲ, ಕೇಳಿದವರೂ ಕೇಳಲಿಲ್ಲ. ಹೊತ್ತು ತಂದವರಿಗೆ ಇನ್ನು ಹತ್ತು ಮೆಟ್ಟಿಲು ಹತ್ತುವ ಶಕ್ತಿ ಇರಲಿಲ್ಲವೇ? ಇತ್ತು. ಪ್ರವೇಶ ಇರಲಿಲ್ಲ. ನನ್ನ ಮೊಣಕೈ ತರಚಿದ್ದು ಪೋಲಿಯೊದಿಂದಷ್ಟೇ ಅಲ್ಲ, ಅಸ್ಪೃಶ್ಯತೆಯಿಂದಲೂ. ನನ್ನ ಗಾಯ ಒಣಗಿತು. ಅವರು ಮೆಟ್ಟಿಲ ಕೆಳಗೆ ನಿಂತೇ ಇದ್ದರು.

ಇದನ್ನು ನನಗೆ ಕಾಣಿಸಿದ್ದು ಯಾವ ತರಬೇತಿಯೂ ಅಲ್ಲ, ಒಂದು ಓದು. ಸಿದ್ಧಲಿಂಗಯ್ಯನವರ ಆತ್ಮಕಥನ ‘ಊರು ಕೇರಿ’ಯನ್ನು ನಾನು ಮೊದಲು ಓದಿದ್ದು ಅದರ ಹಾಸ್ಯಕ್ಕಾಗಿ. ಎರಡನೆಯ ಸಲ ಓದುವಾಗ ಆರಂಭದಲ್ಲೇ ಬರುವ ಒಂದು ದೃಶ್ಯ ಹಿಡಿದು ನಿಲ್ಲಿಸಿತು. ಎತ್ತುಗಳ ಜಾಗದಲ್ಲಿ ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟು ಹೊಲ ಉಳುತ್ತಿದ್ದಾರೆ. ಅದರಲ್ಲಿ ಒಬ್ಬರು ಬರೆಯುತ್ತಿರುವ ಮಗನ ತಂದೆ. ನಾನು ಪುಸ್ತಕ ಮುಚ್ಚಿಟ್ಟೆ. ನನಗೆ ಗೊತ್ತಿದ್ದ ಹೆಗಲು ಒಂದೇ. ಅದರ ಮೇಲೆ ಕುಳಿತು ನಾನು ನಾಲೆ, ಗದ್ದೆ, ಶಾಲೆ ಎಲ್ಲವನ್ನೂ ಎತ್ತರದಿಂದ ಕಂಡಿದ್ದೆ. ಆ ಹೆಗಲಿನವರಿಗೂ ಒಬ್ಬ ಮಗನಿದ್ದ ಎಂಬುದು ಆಗ ನೆನಪಾಯಿತು. ಅವನಿಗೂ ನನ್ನಷ್ಟೇ ವಯಸ್ಸು. ನಾನು ಶಾಲೆಯಲ್ಲಿದ್ದ ಹೊತ್ತಿನಲ್ಲಿ ಅವನು ನಮ್ಮ ದನ ಕಾಯುತ್ತಿದ್ದ. ಎರಡೂ ಕಾಲು ಗಟ್ಟಿಯಿದ್ದ ಹುಡುಗನಿಗೆ ನಾಲೆ ದಾಟಲಾಗಲಿಲ್ಲ.

ನಂಬಿಕೆಯ ಮಾತಿಗೆ ಬರುತ್ತೇನೆ. ನನ್ನ ಕಾಲಿನ ಬಗ್ಗೆ ನಮ್ಮ ಮನೆಯಲ್ಲಿ ಆಗಾಗ ಕೇಳುತ್ತಿದ್ದ ಮಾತು ‘ಹಿಂದಿನ ಜನ್ಮದ ಕರ್ಮ’. ಆ ಮಾತಿಗೆ ಅವ್ವ ಅಳುತ್ತಿದ್ದಳು. ದೊಡ್ಡವನಾದ ಮೇಲೆ ಆ ಮಾತಿನ ವಿರುದ್ಧ ಜಗಳವಾಡಿದೆ. ಪೋಲಿಯೊ ಒಂದು ವೈರಾಣು; ಲಸಿಕೆ ಹಾಕಿದರೆ ಬರುವುದಿಲ್ಲ. 2014ರಲ್ಲಿ ಭಾರತವನ್ನು ಪೋಲಿಯೊ ಮುಕ್ತವೆಂದು ಘೋಷಿಸಿದಾಗ, ಇಡೀ ದೇಶದ ಮಕ್ಕಳ ಪೂರ್ವಜನ್ಮ ಒಮ್ಮೆಗೇ ಶುದ್ಧವಾಯಿತೇ ಎಂದು ಮನೆಯವರನ್ನು ಕೇಳಿ ನಕ್ಕಿದ್ದೆ. ಆದರೆ ಅದೇ ಅಜ್ಜಿ, ಅದೇ ಜಗುಲಿಯ ಮೇಲೆ ಕುಳಿತು, ಕೇರಿಯವರ ಬಗ್ಗೆ ‘ಅವರ ಹಣೆಬರಹ’ ಎನ್ನುತ್ತಿದ್ದಳು. ಆ ಮಾತಿಗೆ ನಾನು ಜಗಳವಾಡಲಿಲ್ಲ. ಒಂದೇ ವಾಕ್ಯದ ಅರ್ಧ ನನಗೆ ಅನ್ಯಾಯವಾಗಿ ಕೇಳಿಸಿತು, ಇನ್ನರ್ಧ ಲೋಕಾರೂಢಿಯಾಗಿ ಕೇಳಿಸಿತು. ನಮ್ಮ ಪಡಸಾಲೆಯಲ್ಲಿ ಬಸವಣ್ಣನವರ ಪಟವಿತ್ತು. ನನ್ನನ್ನು ಹೊತ್ತವರ ಲೋಟ ಕೊಟ್ಟಿಗೆಯ ಗೂಡಿನಲ್ಲಿತ್ತು.

ನಾವು ಬಳಸುವ ಹೆಸರುಗಳಲ್ಲೂ ಈ ಅರ್ಧ ನ್ಯಾಯ ಇದೆ. 1930ರ ದಶಕದಲ್ಲಿ ಗಾಂಧೀಜಿ ‘ಹರಿಜನ’ ಎಂಬ ಪದವನ್ನು ಪ್ರಚಾರಕ್ಕೆ ತಂದರು. 1933ರಲ್ಲಿ ಅದೇ ಹೆಸರಿನ ಪತ್ರಿಕೆ ಆರಂಭಿಸಿದರು. ಉದ್ದೇಶ ಒಳ್ಳೆಯದೇ. ಆದರೆ ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ದಲಿತ ಚಳವಳಿಯೂ ಆ ಪದವನ್ನು ತಿರಸ್ಕರಿಸಿ, ತನ್ನ ಹೆಸರನ್ನು ತಾನೇ ಇಟ್ಟುಕೊಂಡಿತು. ದೇವರ ಮಕ್ಕಳೆಂದು ಕರೆಸಿಕೊಂಡವರಿಗೆ ದೇವರ ಮನೆಯ ಬಾಗಿಲು ತೆರೆಯದಿದ್ದರೆ ಆ ಹೆಸರು ಯಾರ ಸಮಾಧಾನಕ್ಕೆ? 2015ರ ಕೊನೆಯಲ್ಲಿ ನಮ್ಮಂಥವರಿಗೆ ‘ದಿವ್ಯಾಂಗ’ ಎಂಬ ಹೆಸರು ಬಂತು. ನಮ್ಮಲ್ಲಿ ಕೆಲವರಿಗೆ ಅದು ಇಷ್ಟ, ಕೆಲವರಿಗೆ ಇಲ್ಲ. ನನಗಂತೂ ನನ್ನ ಕಾಲಿನಲ್ಲಿ ದಿವ್ಯವಾದದ್ದು ಏನೂ ಕಂಡಿಲ್ಲ. ಮಳೆಗಾಲದಲ್ಲಿ ನೋಯುತ್ತದೆ, ಅಷ್ಟೆ. ನನಗೆ ಬೇಕಾದದ್ದು ಕಾಲಿಗೆ ದೈವತ್ವ ಅಲ್ಲ, ಮೆಟ್ಟಿಲ ಪಕ್ಕ ಒಂದು ಇಳಿಜಾರು. ಕೇರಿಯವರಿಗೆ ಬೇಕಾಗಿದ್ದದ್ದೂ ಹೆಸರಲ್ಲಿ ಹರಿಯಲ್ಲ, ಬಾಗಿಲು, ಭೂಮಿ, ಶಾಲೆ.

ಇಲ್ಲಿ ಒಂದು ಎಚ್ಚರ ಬೇಕು. ಜಾತಿ ಮತ್ತು ಅಂಗವೈಕಲ್ಯ ಒಂದೇ ಎಂದು ನಾನು ಹೇಳುತ್ತಿಲ್ಲ. ವೈರಾಣು ಯಾರ ಮನೆಗೆ ಬೇಕಾದರೂ ಬರುತ್ತದೆ. ಜಾತಿಯನ್ನು ಮನುಷ್ಯರು ಕಟ್ಟಿ ಕಾಯುತ್ತಾರೆ. ಸೊರಗಿದ ಕಾಲು ಯಾರ ಹಂಗೂ ಇಲ್ಲದೆ ನೋಯುತ್ತದೆ. ಜಾತಿ ನೋಯಿಸಬೇಕಾದರೆ ಇನ್ನೊಬ್ಬ ಬೇಕು. ನನ್ನ ಕಾಲಿದ್ದರೂ ನನಗೆ ತೋಟ ಇತ್ತು, ಹೊರಲು ಆಳಿತ್ತು. ಇವೆರಡನ್ನೂ ಸಮ ಮಾಡಿ ಮಾತಾಡಿದರೆ ನನ್ನಂಥವನಿಗೆ ಅನುಕೂಲ, ಅವರ ಮಗನಿಗೆ ಮೋಸ. ಆದರೂ ಎರಡನ್ನೂ ಜೊತೆಯಲ್ಲಿ ಓದಲೇಬೇಕು, ಏಕೆಂದರೆ ಎರಡನ್ನೂ ಒಂದೇ ಮೈಯಲ್ಲಿ ಹೊತ್ತ ಮಕ್ಕಳು ನಮ್ಮ ಶಾಲೆಗಳಲ್ಲಿದ್ದಾರೆ. ಸಂವಿಧಾನದ 15ನೆಯ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳ ಹೆಸರಿನ ತಾರತಮ್ಯವನ್ನು ನಿಷೇಧಿಸುತ್ತದೆ. ಆ ಪಟ್ಟಿಯಲ್ಲಿ ಅಂಗವೈಕಲ್ಯದ ಹೆಸರಿಲ್ಲ. ಅದಕ್ಕೆ ಬೇರೆ ಕಾನೂನು ಬರಬೇಕಾಯಿತು: 1995ರಲ್ಲಿ ಒಂದು, 2016ರಲ್ಲಿ ಇನ್ನೊಂದು. 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸುತ್ತದೆ. ಅದರ ವ್ಯಾಖ್ಯೆಯ ಮುಖ್ಯ ಮಾತನ್ನು ನಾವು ತರಗತಿಯಲ್ಲಿ ಬೇಗ ದಾಟಿಬಿಡುತ್ತೇವೆ: ದೇಹದ ಕೊರತೆಯು ಹೊರಗಿನ ಅಡೆತಡೆಗಳ ಜೊತೆ ಸೇರಿದಾಗ ವ್ಯಕ್ತಿ ಸಮಾಜದಲ್ಲಿ ಸಮನಾಗಿ ಪಾಲ್ಗೊಳ್ಳಲಾಗದೆ ಹೋಗುತ್ತಾನೆ ಎಂಬುದು. ಅಡೆತಡೆ ಎಂದರೆ ಮೆಟ್ಟಿಲು ಮಾತ್ರವೇ?

ಕಳೆದ ವರ್ಷ ಜಗಳೂರು ತಾಲ್ಲೂಕಿನಲ್ಲಿ ನಮ್ಮ ಪ್ರಶಿಕ್ಷಣಾರ್ಥಿಗಳು ಗೃಹಾಧಾರಿತ ಶಿಕ್ಷಣ ಪಡೆಯುತ್ತಿದ್ದ ಒಬ್ಬ ಹುಡುಗಿಯ ಮನೆಗೆ ಸಂಪನ್ಮೂಲ ಶಿಕ್ಷಕರ ಜೊತೆ ಹೋಗಿದ್ದರು. ಮಿದುಳಿನ ಪಾರ್ಶ್ವವಾಯು ಇರುವ ಮಗು, ಮನೆ ಕಾಲೊನಿಯಲ್ಲಿ. ಶಾಲೆಯಲ್ಲಿ ರ‍್ಯಾಂಪ್ ಇದೆ, ಮಗುವಿಗೆ ಗಾಲಿಕುರ್ಚಿಯೂ ಬಂದಿದೆ. ಆದರೂ ಮಗು ಮನೆಯಲ್ಲೇ ಇದೆ. ಕಾಲೊನಿಯಿಂದ ಊರೊಳಗಿನ ಕಾಂಕ್ರೀಟ್ ರಸ್ತೆಯವರೆಗೆ ಗಾಲಿ ಉರುಳುವ ದಾರಿ ಇಲ್ಲ; ದಿನವೂ ಎತ್ತಿಕೊಂಡು ಹೋಗಲು ಕೂಲಿಗೆ ಹೋಗುವ ಅಪ್ಪ ಅವ್ವನಿಗೆ ಬಿಡುವಿಲ್ಲ. ವರದಿಯಲ್ಲಿ ಒಬ್ಬ ಪ್ರಶಿಕ್ಷಣಾರ್ಥಿ ಬರೆದಿದ್ದರು: ‘ಶಾಲಾ ದಾಖಲೆಯಲ್ಲಿ ಜಾತಿಯ ಕಾಲಂ ಇದೆ, ವೈಕಲ್ಯದ ಕಾಲಂ ಇದೆ. ಎರಡನ್ನೂ ಒಟ್ಟಿಗೆ ಓದಿದವರು ಯಾರೂ ಇಲ್ಲ.’ 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದಾರೆ. ಈ ಅಂಕಿಗಳನ್ನು ಪರೀಕ್ಷೆಗೆ ಬರೆಯುತ್ತೇವೆ. ಆ ಪ್ರಶಿಕ್ಷಣಾರ್ಥಿಯ ಎರಡು ವಾಕ್ಯ ನನಗೆ ಅಂಕಿಗಳಿಗಿಂತ ಹೆಚ್ಚು ಕಲಿಸಿತು.

ಹೊನ್ನಾಳಿಯ ಶಾಲೆಯೊಂದರಲ್ಲಿ ಹೆಲೆನ್ ಕೆಲ್ಲರ್ ಬಗ್ಗೆ ಪಾಠ ನೋಡಿದೆ. ಎಲ್ಲ ಕಡೆಯಂತೆ ಅಲ್ಲೂ ಕತೆ ನೀರಿನ ಪಂಪಿನ ಬಳಿ ಮುಗಿಯಿತು. 1887ರಲ್ಲಿ ಗುರು ಆ್ಯನ್ ಸಲಿವನ್ ಕೈಗೆ ನೀರು ಸುರಿಸಿ, ಅಂಗೈಯ ಮೇಲೆ ಅಕ್ಷರ ಬರೆದು, ಮಗುವಿನ ಕತ್ತಲೆ ಹರಿಯಿತು. ನಿಜ. ಆದರೆ ಆಗ ಅವಳಿಗೆ ಏಳು ವರ್ಷವೂ ತುಂಬಿರಲಿಲ್ಲ; ಬದುಕಿದ್ದು ಎಂಬತ್ತೇಳು ವರ್ಷ. ಅವಳು ಹುಟ್ಟಿದ್ದು ಅಮೆರಿಕದ ದಕ್ಷಿಣದ ಅಲಬಾಮಾ ರಾಜ್ಯದಲ್ಲಿ, ಗುಲಾಮರನ್ನು ಇಟ್ಟುಕೊಂಡಿದ್ದ ಮನೆತನದಲ್ಲಿ. ತಂದೆ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೋರಾಡಿದ ಸೇನೆಯಲ್ಲಿದ್ದವನು. 1916ರಲ್ಲಿ ಆಕೆ ಕರಿಯರ ಹಕ್ಕುಗಳಿಗಾಗಿ ಕಟ್ಟಿದ ರಾಷ್ಟ್ರೀಯ ಸಂಘಟನೆಗೆ ನೂರು ಡಾಲರ್ ಮತ್ತು ಒಂದು ಪತ್ರ ಕಳಿಸಿ, ತನ್ನ ಊರಿನವರ ವರ್ಣಭೇದದ ಬಗ್ಗೆ ತನಗಾಗುವ ನಾಚಿಕೆಯನ್ನು ಬಹಿರಂಗವಾಗಿ ಹೇಳಿದಳು. ಸ್ವಂತ ಮನೆಯವರಿಗೇ ಇರುಸುಮುರುಸಾಯಿತು. ಇದು ನಮ್ಮ ಪಾಠಗಳಲ್ಲಿ ಇಲ್ಲ.

ಇನ್ನೊಂದೂ ಇಲ್ಲ. ಅದಕ್ಕೆ ಕೆಲವೇ ವಾರಗಳ ಮುಂಚೆ, 1915ರ ಡಿಸೆಂಬರಿನಲ್ಲಿ, ತೀವ್ರ ವೈಕಲ್ಯದಿಂದ ಹುಟ್ಟಿದ ಕೂಸನ್ನು ಚಿಕಿತ್ಸೆ ಕೊಡದೆ ಸಾಯಲು ಬಿಟ್ಟ ವೈದ್ಯನ ಪರವಾಗಿ ಅದೇ ಹೆಲೆನ್ ಕೆಲ್ಲರ್ ಪತ್ರಿಕೆಯಲ್ಲಿ ಬರೆದಳು. ಕಣ್ಣು ಕಿವಿ ಎರಡೂ ಇಲ್ಲದ ಆಕೆ, ಯಾವ ಕೂಸು ಬದುಕಲು ಯೋಗ್ಯ ಎಂದು ವೈದ್ಯರ ಮಂಡಳಿ ತೀರ್ಮಾನಿಸಲಿ ಎಂದಳು. ಇದನ್ನು ಓದಿದಾಗ ಮೊದಲು ಸಿಟ್ಟು ಬಂತು. ಆಮೇಲೆ ನನ್ನ ಗುಡಿಯ ಕತೆ ನೆನಪಾಯಿತು. ಒಂದು ಅನ್ಯಾಯವನ್ನು ಅನುಭವಿಸಿದ ಮಾತ್ರಕ್ಕೆ ಎಲ್ಲ ಅನ್ಯಾಯವೂ ಕಾಣುವುದಿಲ್ಲ. ಕಾಣಬೇಕಾದರೆ ಓದಬೇಕು, ಕೇಳಬೇಕು, ತಿದ್ದಿಕೊಳ್ಳಬೇಕು. 1946ರಲ್ಲಿ ಅಂಬೇಡ್ಕರ್ ಅಮೆರಿಕದ ಕರಿಯ ಚಿಂತಕ ಡುಬಾಯ್ಸ್ ಅವರಿಗೆ ಪತ್ರ ಬರೆದು, ಇಬ್ಬರ ಜನರ ಸ್ಥಿತಿಯ ಹೋಲಿಕೆಯನ್ನು ಎತ್ತಿ ಹೇಳಿದ್ದು ಇಂಥ ಓದಿನಿಂದಲೇ. ಅಷ್ಟು ದೂರ ಹೋಗುವುದೂ ಬೇಡ. ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ನಮ್ಮ ಹರಿಹರದವರು, ಚನ್ನಗಿರಿಯ ಪಕ್ಕದ ಭದ್ರಾವತಿಯಲ್ಲಿ ಕಾಲೇಜು ಅಧ್ಯಾಪಕರಾಗಿದ್ದವರು. ಅಧ್ಯಾಪಕರನ್ನು ತಯಾರು ಮಾಡುವ ನಮ್ಮಲ್ಲಿ ಎಷ್ಟು ಜನ ಅವರನ್ನು ಓದಿದ್ದೇವೆ?

ಹಾಗಾದರೆ ನಂಬಿಕೆಯನ್ನೇ ತರಗತಿಯಿಂದ ಹೊರಗಿಡಬೇಕೇ? ನನಗೆ ಹಾಗನ್ನಿಸುವುದಿಲ್ಲ. ಕೊರತೆಗೆ ಕಾರಣ ಹೇಳಿ ಸುಮ್ಮನಾಗುವ ನಂಬಿಕೆ ಒಂದು, ಜಾಗ ಮಾಡಿಕೊಡುವ ನಂಬಿಕೆ ಇನ್ನೊಂದು. ಹುಟ್ಟುಕುರುಡರಾಗಿದ್ದ ಪಂಚಾಕ್ಷರಿ ಗವಾಯಿಗಳನ್ನು (1892–1944) ಹಾನಗಲ್ಲ ಕುಮಾರಸ್ವಾಮಿಗಳು ಕರೆದುಕೊಂಡು ಹೋಗಿ ಸಂಗೀತ ಕಲಿಸಿದರು. ಕರ್ಮದ ವಿವರಣೆ ಕೊಟ್ಟು ಕಳಿಸಲಿಲ್ಲ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಶಿಶುವಾಗಿದ್ದಾಗಲೇ ದೃಷ್ಟಿ ಕಳೆದುಕೊಂಡವರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಜಾತಿ ಕೇಳದೆ ಅಂಧ ಮಕ್ಕಳಿಗೆ ಅನ್ನ, ಆಸರೆ, ವಿದ್ಯೆ ಸಿಕ್ಕಿತು. ನಂಬಿಕೆಯ ಪರೀಕ್ಷೆ ಇದೇ ಎಂದು ನನಗೆ ತೋರುತ್ತದೆ: ಅದು ಮಗುವನ್ನು ಮೆಟ್ಟಿಲ ಮೇಲೆ ಇಳಿಸುತ್ತದೆಯೋ, ಒಳಗೆ ಕರೆದೊಯ್ಯುತ್ತದೆಯೋ?

ಈಗ ಆ ವಚನಕ್ಕೆ ಮರಳುತ್ತೇನೆ. ಅದು ಕಾಲು ಗಟ್ಟಿಯಿರುವ ಭಕ್ತನ ಪ್ರಾರ್ಥನೆ. ತನ್ನ ಇಂದ್ರಿಯಗಳ ಹರಿದಾಟಕ್ಕೆ ಹೆದರಿದವನ ರೂಪಕ. ಮೂರನೆಯ ಬೆಂಚಿನ ಹುಡುಗನಿಗೆ ಅದು ರೂಪಕವಲ್ಲ, ಬೆಳಿಗ್ಗೆ ಎದ್ದರೆ ಜೊತೆಯಲ್ಲಿರುವ ಕಾಲು. ‘ಹೆಳವ’ ಎಂಬುದು ನಮ್ಮ ನಾಡಿನಲ್ಲಿ ಒಂದು ಸಮುದಾಯದ ಹೆಸರೂ ಹೌದು. ಎತ್ತಿನ ಮೇಲೆ ಊರೂರು ತಿರುಗಿ ಮನೆತನಗಳ ವಂಶಾವಳಿ ಹೇಳುವ ಅಲೆಮಾರಿಗಳವರು. ದೇಹದ ಒಂದು ಸ್ಥಿತಿಯೇ ಜಾತಿಯ ಹೆಸರಾದ ಪದ. ಅದನ್ನು ‘ಕುಂಟ’ ಎಂದು ಬರೆದು ಮುಂದೆ ಹೋದರೆ ಭಾಷೆಯನ್ನೂ ಕಲಿಸಿದಂತಾಗಲಿಲ್ಲ.

ಬಸವಣ್ಣನವರದೇ ಇನ್ನೊಂದು ವಚನ ಎಲ್ಲರಿಗೂ ಗೊತ್ತು. ಗುಡಿ ಕಟ್ಟಿಸುವ ಶಕ್ತಿಯಿಲ್ಲದ ಬಡವನು ತನ್ನ ದೇಹವನ್ನೇ ದೇಗುಲವೆಂದೂ, ಕಾಲುಗಳನ್ನೇ ಕಂಬವೆಂದೂ ಹೇಳಿಕೊಳ್ಳುವ ವಚನ. ಎರಡನ್ನೂ ಒಂದೇ ಅವಧಿಯಲ್ಲಿ ಜೊತೆಯಾಗಿಟ್ಟು ಓದಿಸಿ ಎಂಬುದು ನನ್ನ ಮೊದಲ ಸಲಹೆ. ಒಂದರಲ್ಲಿ ಕಾಲು ಕಳೆದುಕೊಳ್ಳಬೇಕಾದದ್ದು, ಇನ್ನೊಂದರಲ್ಲಿ ಕಾಲು ಕಂಬ. ಒಬ್ಬರೇ ಎರಡನ್ನೂ ಏಕೆ ಹೇಳಿದರು? ಕಂಬ ಸೊಟ್ಟಗಿದ್ದರೆ ದೇಗುಲ ದೇಗುಲವಲ್ಲವೇ? ಗುಡಿಯೊಳಗೆ ಬಿಡದವರ ದೇಹಕ್ಕೆ ಈ ವಚನ ಏನು ಹೇಳುತ್ತದೆ? ಇವು ಒಂಬತ್ತನೆಯ ತರಗತಿಯ ಮಕ್ಕಳು ಉತ್ತರಿಸಬಲ್ಲ ಪ್ರಶ್ನೆಗಳು. ಉಳಿದ ಸಲಹೆಗಳು ಸಣ್ಣವು.

ಇಂಥ ಪಾಠ ಇದ್ದಾಗ ಆ ಮಗುವನ್ನು ಮುಂಚಿತವಾಗಿ, ಒಂಟಿಯಾಗಿ ಭೇಟಿ ಮಾಡಿ. ಪಾಠದಲ್ಲಿ ಏನು ಬರುತ್ತದೆಂದು ಹೇಳಿ. ಅವನನ್ನು ಉದಾಹರಣೆ ಮಾಡಬೇಡಿ, ಛಲದ ಕತೆಯನ್ನೂ ಮಾಡಬೇಡಿ.

‘ಯಾಕೆ ಹೀಗಾಯಿತು’ ಎಂದು ಮಕ್ಕಳು ಕೇಳಿದರೆ ವೈದ್ಯಕೀಯ ಕಾರಣವನ್ನು ಸರಳವಾಗಿ ಹೇಳಿ. ಕರ್ಮ, ಶಾಪ, ಹಣೆಬರಹಗಳನ್ನು ತಮಾಷೆಗೂ ಎಳೆತರಬೇಡಿ. ಅದೇ ನಿಯಮ ಬಡತನಕ್ಕೆ, ಜಾತಿಗೆ ಕೂಡ.

ಸಹಾಯಕ್ಕೆ ಯಾರನ್ನು ನೇಮಿಸುತ್ತಿದ್ದೀರಿ ಎಂದು ನೋಡಿ. ಗಾಲಿಕುರ್ಚಿ ತಳ್ಳುವವರು, ಚೀಲ ಹೊರುವವರು, ಅಂಗಳ ಗುಡಿಸುವವರು ದಿನವೂ ಅದೇ ಮಕ್ಕಳಾಗಿದ್ದರೆ, ಅವರು ಯಾವ ಕೇರಿಯಿಂದ ಬರುತ್ತಾರೆಂದು ಕೇಳಿಕೊಳ್ಳಿ. ಸರದಿ ಹಾಕಿ.

ಸಹೋದ್ಯೋಗಿಗಳು ಎತ್ತುವ ಆಕ್ಷೇಪಣೆ ನನಗೆ ಗೊತ್ತು: ನಲವತ್ತು ನಿಮಿಷದ ಅವಧಿ, ಮುಗಿಯದ ಪಾಠಗಳು, ಜಾತಿ ದೇವರುಗಳ ಮಾತೆತ್ತಿದರೆ ಊರಿನವರ ತಕರಾರು. ಸಮಯದ ಕೊರತೆ ನಿಜ. ಆದರೆ ತಲೆಗಳು ಮೂರನೆಯ ಬೆಂಚಿನ ಕಡೆ ತಿರುಗಲು ಹಿಡಿದದ್ದು ಎರಡೇ ಸೆಕೆಂಡು. ಆ ಪಾಠ ನಮ್ಮ ಯೋಜನೆಯಲ್ಲಿಲ್ಲದೆಯೂ ನಡೆದುಹೋಯಿತು. ನಾವು ಮಾತೆತ್ತದಿದ್ದರೆ ಮಾತೇ ಇಲ್ಲವೆಂದಲ್ಲ, ಹಳೆಯ ಮಾತೇ ಉಳಿಯುತ್ತದೆ.

ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ನನ್ನನ್ನು ಹೊತ್ತವರ ಮಗನನ್ನು ಹುಡುಕಿಕೊಂಡು ಹೋದೆ. ಜಗುಲಿಯ ಮೇಲೆ ಕೂರಿಸಿ ಚಹಾ ಕೊಟ್ಟರು. ‘ನಮ್ಮಪ್ಪ ನಿಮ್ ಸುದ್ದಿ ಹೇಳ್ತಿದ್ದ. ಸಣ್ಣ ಗೌಡ್ರು ನೋಡಾಕ ಸಣ್ಣೋರು, ಹೊತ್ರೆ ಭಾರ ಅನ್ನೋನು’ ಎಂದು ನಕ್ಕರು. ನಾನೂ ನಕ್ಕೆ. ನೀವು ಶಾಲೆಗೆ ಯಾಕೆ ಬರಲಿಲ್ಲ ಎಂದು ಕೇಳುವ ಅಗತ್ಯ ಇರಲಿಲ್ಲ; ಉತ್ತರ ನನ್ನ ಮನೆಯ ಕೊಟ್ಟಿಗೆಯಲ್ಲೇ ಇತ್ತು. ಏನಾದರೂ ಹೇಳಬೇಕೆಂದು ಹೋಗಿದ್ದೆ. ಹೇಳಲಾಗದೆ ಎದ್ದು ಬಂದೆ. ಅವರು ನಾಲೆಯ ಸೇತುವೆಯವರೆಗೆ ನನ್ನ ಜೊತೆ ನಡೆದು ಬಂದರು, ನನ್ನ ವೇಗಕ್ಕೆ ತಮ್ಮ ವೇಗ ತಗ್ಗಿಸಿ.

ಕಾಲೇಜಿಗೆ ಮರಳಿದ ಮೇಲೆ ನ್ಯಾಮತಿಯ ವೀಕ್ಷಣಾ ಪತ್ರಿಕೆಯನ್ನು ಕಡತದಿಂದ ತೆಗೆದು, ‘ಸಮರ್ಪಕ’ ಎಂಬ ಪದ ಹೊಡೆದುಹಾಕಿ, ಪಕ್ಕದಲ್ಲಿ ದಿನಾಂಕ ಸಹಿತ ಕಾರಣ ಬರೆದಿದ್ದೇನೆ. ನಮ್ಮ ವಿಭಾಗದ ಪತ್ರಿಕೆಯಲ್ಲಿ ಈ ಸಾಲಿನಿಂದ ಒಂದು ಹೊಸ ಕಾಲಂ ಸೇರಿದೆ: ‘ಈ ಪಾಠ ತರಗತಿಯ ಯಾವ ಮಗುವಿಗೆ ಹೇಗೆ ಕೇಳಿಸಿರಬಹುದು?’ ಅದನ್ನು ತುಂಬುವುದು ಪ್ರಶಿಕ್ಷಣಾರ್ಥಿಯೊಬ್ಬರ ಕೆಲಸವಲ್ಲ, ಹಿಂದಿನ ಬೆಂಚಿನಲ್ಲಿ ಕುಳಿತು ಅಂಕ ಹಾಕುವ ನಮ್ಮ ಕೆಲಸವೂ ಹೌದು. ನಿಮ್ಮ ಶಾಲೆಗಳಲ್ಲಿ ಆ ಕಾಲಂ ಹೇಗೆ ತುಂಬಿತೆಂದು ಮುಂದಿನ ಸಂಚಿಕೆಗೆ ಬರೆಯಿರಿ.